ದಂಡ ಹಾಕಿ, ಹೆಸರು ಬರೆಯಿರಿ

ಬೆಳಗಿನ ದೋಣಿಗೆ ಮೂರೇ ಜನ ಅಂತೆ! ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾವು ಇಪ್ಪತ್ತೆರಡು ಹೆಂಗಸರು ದಿನಾ ಮೀನಿನ ಬುಟ್ಟಿ ಹೊತ್ತು ಅದೇ ದೋಣಿಯಲ್ಲಿ ನೇತ್ರಾವತಿ ದಾಟಿ ಪೇಟೆ ಬದಿಯ ಬೋಳಾರಕ್ಕೆ ಬರುವುದು. ನಾವೆಲ್ಲ ಎಂತ, ಗಾಳಿಯಾ?

ಲೆಕ್ಕ ಹಾಕಿದ್ದು ಬೆನೆಡಿಕ್ಟ್ ಮಾಸ್ಟ್ರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರು, ಜನ ಒಳ್ಳೆಯವರೇ. ಯಾವ ದೋಣಿಯಿಂದ ನಷ್ಟ, ಯಾವುದನ್ನು ನಿಲ್ಲಿಸಬಹುದು ಅಂತ ದೋಣಿ ಹೊರಡುವ ಕಡವಿನ ಕಮಿಟಿಯವರು ಅವರಿಂದ ವರದಿ ಕೇಳಿದ್ದರು. ಅವರು ಒಂದು ವರ್ಷದ ಟಿಕೇಟು ಪುಸ್ತಕಗಳನ್ನು ನೋಡಿ ಬರೆದರು: ಆರು ಗಂಟೆಯ ದೋಣಿಗೆ ದಿನಕ್ಕೆ ಮೂರು ಜನ, ನಿಲ್ಲಿಸಬಹುದು. ಮತ್ತೆ ದೋಣಿ ಇರುವುದು ಒಂಬತ್ತಕ್ಕೆ. ಒಂಬತ್ತಕ್ಕೆ ಹೊರಟರೆ ನಮ್ಮ ಮೀನು ಯಾರಿಗೆ ಬೇಕು? ಅಷ್ಟೊತ್ತಿಗೆ ಪೇಟೆಯ ಮನೆಗಳಲ್ಲಿ ಸಾರು ಕುದಿಯುತ್ತಿರುತ್ತದೆ. ಹೊಳೆಗೆ ಇರುವುದು ರೈಲಿನ ಸಂಕ ಒಂದೇ, ಆ ಸೇತುವೆಯ ಮೇಲೆ ನಡೆಯಲು ಬಿಡುವುದಿಲ್ಲ. ಗಂಡ ಸತ್ತ ಮೇಲೆ ನನ್ನ ಮೂರು ಮಕ್ಕಳು ಉಣ್ಣುತ್ತಿದ್ದದ್ದು ಆ ಬೆಳಗಿನ ದೋಣಿಯಿಂದ.

ಪುಸ್ತಕದಲ್ಲಿ ನಾವು ಇರಲಿಲ್ಲ, ಅದು ನಿಜ. ಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗುತ್ತಿರಲಿಲ್ಲ. ದೋಣಿ ನಡೆಸುವ ಮೊಯ್ದೀನಬ್ಬ ಬ್ಯಾರಿಗಳು, "ದುಡ್ಡು ಬೇಡ, ಒಂದು ಹಿಡಿ ಬೂತಾಯಿ ಮೀನು ಹಾಕಿ ಹೋಗಿ" ಎಂದರು. ಯುದ್ಧ ಮುಗಿಯಿತು, ಆಣೆ ಹೋಗಿ ನಯಾಪೈಸೆಯೂ ಬಂತು, ಬೂತಾಯಿ ಕೊಡುವುದು ಮಾತ್ರ ನಿಲ್ಲಲಿಲ್ಲ. ಬೂತಾಯಿಗೆ ಯಾರಾದರೂ ಟಿಕೇಟು ಹರಿಯುತ್ತಾರಾ?

ತಕರಾರು ಇದ್ದವರು ಬನ್ನಿ ಅಂತ ಕಮಿಟಿ ಸಭೆ ಕರೆಯಿತು. ಮೀನು ಮಾರಿ ಖಾಲಿ ಬುಟ್ಟಿ ಸಮೇತ ಹೋದೆವು. ಬ್ಯಾರಿಗಳು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರು ಕಮಿಟಿಯ ಸಂಬಳದವರು. ನಾನು ಬಾಯಿ ಬಿಟ್ಟರೆ ಅವರ ಕೆಲಸ ಹೋಗುತ್ತದೆ, ಬಿಡದಿದ್ದರೆ ನಮ್ಮ ದೋಣಿ.

"ಇಪ್ಪತ್ತೆರಡು ಜನ ಅಂತ ಹೇಳ್ತೀರಿ, ದಾಖಲೆ ಎಂತ ಉಂಟು?" ಅಧ್ಯಕ್ಷರು ಕೇಳಿದರು.

ಬ್ಯಾರಿಗಳೇ ಎದ್ದರು. "ತಪ್ಪು ನನ್ನದು. ಟಿಕೇಟು ಹರಿಯಲಿಲ್ಲ, ಮೀನು ತಗೊಂಡೆ. ಆದ್ರೆ ಇವರು ಬರುವುದು ಸುಳ್ಳಲ್ಲ."

ಅಧ್ಯಕ್ಷರ ಮುಖ ಕೆಂಪಾಯಿತು. "ಹಾಗಾದ್ರೆ ಇವರೆಲ್ಲ ಟಿಕೇಟಿಲ್ಲದೆ ಬಂದವರು! ಒಬ್ಬೊಬ್ಬರಿಗೂ ನಾಲ್ಕಾಣೆ ದಂಡ ಹಾಕ್ತೇನೆ, ಗೊತ್ತುಂಟಾ?"

ಹೆಂಗಸರು ಹಿಂದೆ ಸರಿದರು. ನನಗೆ ಎಲ್ಲಿತ್ತೋ ಆ ಧೈರ್ಯ, ಸೀದಾ ಹೋಗಿ ಮೇಜಿನ ಮೇಲೆ ನಾಲ್ಕಾಣೆ ಕುಕ್ಕಿದೆ.

"ಹಾಕಿ! ಆದ್ರೆ ಹೆಸರು ಬರೆಯಿರಿ, ಯಾವ ದೋಣಿ ಅಂತ ಬರೆಯಿರಿ, ರಶೀದಿ ಕೊಡಿ. ಉಳ್ಳಾಲದ ದೇಯಿ, ಆರು ಗಂಟೆಯ ದೋಣಿ, ದಿನಾ ಬರುವವಳು, ಟಿಕೇಟಿಲ್ಲ. ಬರೆಯಿರಿ ಮಾರಾಯ್ರೆ!"

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ. ದಂಡದ ಮಾತು ಅಧ್ಯಕ್ಷರೇ ಎಲ್ಲರೆದುರು ಹೇಳಿ ಆಗಿತ್ತು, ಇನ್ನು ನುಂಗುವ ಹಾಗಿರಲಿಲ್ಲ. ಬರೆದ. ನನ್ನ ಬೆನ್ನಿಗೆ ಒಬ್ಬೊಬ್ಬಳೇ ಸೆರಗಿನ ಗಂಟು ಬಿಚ್ಚುತ್ತಾ ಬಂದಳು. ನೋಡುನೋಡುತ್ತಾ ಇಪ್ಪತ್ತೆರಡು ರಶೀದಿ ಆಯಿತು.

ಅಧ್ಯಕ್ಷರ ಪಕ್ಕ ಕೂತಿದ್ದ ಬೆನೆಡಿಕ್ಟ್ ಮಾಸ್ಟ್ರು ಆ ರಶೀದಿಗಳನ್ನೆಲ್ಲ ಓದಿದರು. ಮತ್ತೆ ಎದ್ದು ನಿಂತು ತಮ್ಮ ವರದಿಯನ್ನು ಅಧ್ಯಕ್ಷರ ಮುಂದಿನಿಂದ ತೆಗೆದುಕೊಂಡರು.

"ಸರ್, ಇದು ಕಮಿಟಿಯದ್ದೇ ದಾಖಲೆ. ಇಪ್ಪತ್ತೆರಡಕ್ಕೆ ಮೂರು ಸೇರಿಸಿದರೆ ಇಪ್ಪತ್ತೈದು. ಇಡೀ ದಿನದಲ್ಲಿ ಹೆಚ್ಚು ಜನ ಇರುವುದೇ ಈ ದೋಣಿಯಲ್ಲಿ. ನಾನು ಪುಸ್ತಕ ನೋಡಿದೆ, ಕಡವಿಗೆ ಹೋಗಿ ನೋಡಲಿಲ್ಲ. ವರದಿ ತಪ್ಪು."

ದೋಣಿ ಉಳಿಯಿತು. ಬ್ಯಾರಿಗಳ ಕೆಲಸ ತೆಗೆಯಲಿಲ್ಲ, ಮಳೆಗಾಲದ ಪ್ರವಾಹದಲ್ಲಿ ದೋಣಿ ನಡೆಸಲು ಬೇರೆ ಯಾರುಂಟು? ಒಂದು ತಿಂಗಳ ಸಂಬಳ ಮಾತ್ರ ಕಡಿದರು.

ಮರುದಿನ ಬೆಳಿಗ್ಗೆ ಬ್ಯಾರಿಗಳು ನನಗೆ ಟಿಕೇಟು ಹರಿದು ಕೊಟ್ಟರು. ದುಡ್ಡು ಕೊಟ್ಟು ತಗೊಂಡೆ. ಮತ್ತೆ ಅವರ ಬುಟ್ಟಿಗೆ ಎರಡು ಹಿಡಿ ಬೂತಾಯಿ ಸುರಿದೆ.

"ಬೇಡ ದೇಯಕ್ಕ! ಕಮಿಟಿಯವರು ನೋಡಿದ್ರೆ?"

"ನೋಡ್ಲಿ," ಎಂದೆ. "ಟಿಕೇಟು ಅವರಿಗೆ. ಬೂತಾಯಿ ನಿಮಗೆ."

ನನ್ನ ಹಿಂದೆ ಇಪ್ಪತ್ತೊಂದು ಹೆಂಗಸರು ಬುಟ್ಟಿಗೆ ಕೈ ಹಾಕಿದ್ದರು.