ಗಾಡಿ ಇದ್ದವನಿಗೆ ಗಾಡಿ ಇಲ್ಲ

ನಾನು ಒಂದು ಮೊಪೆಡ್. ಬೈಕಿನವರು ನನ್ನನ್ನು ಸೈಕಲ್ ಎನ್ನುತ್ತಾರೆ, ಸೈಕಲ್ಲಿನವರು ಬೈಕ್ ಎನ್ನುತ್ತಾರೆ. ಎರಡೂ ಕಡೆ ಮರ್ಯಾದೆ ಇಲ್ಲ. ತಮಿಳುನಾಡಿನ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಲಾರಿ ಹತ್ತಿ ಗದಗಕ್ಕೆ ಬಂದೆ. ಮೊದಲು ಕೊಂಡವರು ಅಂಚೆ ಮಾಸ್ತರರು. ಬಿಸಿಲಿಗೂ ನಿಲ್ಲಿಸದೆ ಮಗಳಂತೆ ನೋಡಿಕೊಂಡರು. ನಿವೃತ್ತಿಯಾದ ಮೇಲೆ ನನ್ನನ್ನು ಪಿಂಜಾರ ಓಣಿಯ ದಾವಲಸಾಬ ನದಾಫನಿಗೆ ಮಾರಿದರು.

ದಾವಲಸಾಬ ಗಾದಿ ಮಾಡುವವನು. ಹಳ್ಳಿಹಳ್ಳಿಗೆ ಹೋಗಿ, ಗಂಟುಗಟ್ಟಿದ ಹಳೆಯ ಹತ್ತಿಯನ್ನು ಅಂಗಳದಲ್ಲೇ ಪಿಂಜಿ, ಹೊಸದಾಗಿ ಗಾದಿ ಹೊಲಿದು ಕೊಡುತ್ತಿದ್ದ. ಪಿಂಜುವ ಯಂತ್ರವನ್ನು ನನ್ನ ಬೆನ್ನಿಗೆ ಕಟ್ಟುತ್ತಿದ್ದ. ಏರು ಬಂದರೆ ಇಳಿದು ನೂಕಬೇಕು. ನೂಕಿ ನೂಕಿ ಅವನ ಸೊಂಟ ಹೋಯಿತು. ಸರಕು ಆಟೋ ಕೊಳ್ಳಬೇಕು, ಇಲ್ಲವೇ ಕಸುಬು ಬಿಡಬೇಕು ಎಂಬಲ್ಲಿಗೆ ಬಂತು.

ಅಲ್ಪಸಂಖ್ಯಾತರಿಗೆ ಆಟೋ ಕೊಳ್ಳಲು ಸಹಾಯಧನ ಉಂಟೆಂದು ಮಸೀದಿಯ ಮುಂದೆ ಯಾರೋ ಹೇಳಿದರು. ಅಂದೇ ನನ್ನ ಗೋಳು ಶುರುವಾಯಿತು. ನನ್ನ ಸವತಿಯನ್ನು ತರಲು ನಾನೇ ಅವನನ್ನು ಹೊತ್ತು ತಿರುಗಬೇಕು! ಜಾತಿ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಆದಾಯದ ಪತ್ರದ ಅವಧಿ ಮುಗಿದಿತ್ತು. ಅದನ್ನು ಹೊಸದಾಗಿ ಮಾಡಿಸಿದರೆ ಕಂಪ್ಯೂಟರ್ ಅಂಗಡಿಯಲ್ಲಿ "ಸರ್ವರ್ ಇಲ್ಲರಿ, ನಾಳಿ ಬರ್ರಿ." ಈ ಸರ್ವರ್ ಎಂಬ ಮಹಾಶಯ ಯಾವ ಊರಿನ ಧಣಿಯೋ, ಒಂದು ದಿನವೂ ಸಿಗಲಿಲ್ಲ. ಅರ್ಜಿಯ ಕೊನೆಯ ದಿನ ಹೇಗೋ ಸಿಕ್ಕಿದ.

ಮುಂದಿನದು ಕಚೇರಿಯ ಕಿಟಕಿಯ ಕೆಳಗೆ ನಿಂತು ನಾನೇ ಕೇಳಿಸಿಕೊಂಡದ್ದು.

"ನಿಮ್ಮ ಹೆಸರಿಲೆ ಗಾಡಿ ಐತಲ್ಲ. ಗಾಡಿ ಇದ್ದವ್ರಿಗೆ ಗಾಡಿ ಕೊಡಂಗಿಲ್ರಿ," ಎಂದ ಗುಮಾಸ್ತ.

"ಸಾಹೇಬ್ರ, ಅದು ಮೊಪೆಡ್ಡರಿ."

"ಗಾಡಿ ಅಂದ್ರ ಗಾಡೀನ."

ಜನ್ಮದಲ್ಲಿ ಮೊದಲ ಸಲ ನನ್ನನ್ನೊಬ್ಬ ಗಾಡಿ ಎಂದು ಒಪ್ಪಿದ. ಅದೂ ನನ್ನನ್ನು ತೊಲಗಿಸುವುದಕ್ಕೆ.

ಹೆಂಡತಿ ಮಾಬೂಬಿ ಬುದ್ಧಿ ಹೇಳಿದಳು. "ಆಟೋ ಬಾಗಲಿಗೆ ಬರೂತನಕ ಇದನ್ನ ಬಿಡಬ್ಯಾಡ್ರಿ. ಹತ್ತಿದ ಏಣಿ ಒದ್ದಂಗ ಆಗ್ತೈತಿ." ದಾವಲಸಾಬ ಕೇಳಲಿಲ್ಲ. ನನ್ನ ಹೆಸರನ್ನು ದಾಖಲೆಯಿಂದ ಅಳಿಸಿ, ಗುಜರಿ ಕಾಸಪ್ಪನಿಗೆ ಕೊಟ್ಟುಬಿಟ್ಟ. ಸೀಟು ಒರೆಸಿ ಹೋದ, ಅಷ್ಟೇ.

ಆಮೇಲೊಂದು ಸಂಜೆ ಓಡೋಡಿ ಬಂದ.

"ಕಾಸಪ್ಪ, ಅದನ್ನ ಒಂದ ದಿನಾ ಕೊಡೋ. ಬಾಡಿಗಿದು ಅಂತ ಹೇಳ್ತೀನಿ. ಆಫೀಸಿನ್ಯಾವ್ರು ನಾಳಿ ಕಸಬ ನೋಡಾಕ ಬರ್ತಾರ. ಗಾಡಿ ಇಲ್ಲಂದ್ರ ಹಳ್ಳಿಗೆ ಹೆಂಗ ಹೋಗ್ತಿ, ನಿನ್ನ ಕಸಬ ನಿಂತೈತಲ್ಲ ಅಂತಾರ."

"ಇಂಜಿನ್ ಹ್ವಾದ ವಾರನ ಹುಬ್ಬಳ್ಳಿಗೆ ಹೋತು ಮಾರಾಯ. ಉಳದದ್ದು ಬರೇ ಎಲುಬು."

ಗಾಡಿ ಇದ್ದಾಗ ಗಾಡಿ ಇದೆ ಎಂದರು, ಕಳೆದುಕೊಂಡ ಮೇಲೆ ಗಾಡಿ ಎಲ್ಲಿ ಎಂದರು. ಇವರ ಬುದ್ಧಿಗೆ ಏನನ್ನಬೇಕು? ದಾವಲಸಾಬನ ಮೇಲೆ ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವನು ಸೊಂಟ ಹಿಡಿದುಕೊಂಡು ನನ್ನ ಪಕ್ಕದ ಟೈರಿನ ಮೇಲೆ ಕುಸಿದಾಗ ಆ ಸಿಟ್ಟೂ ಇಳಿಯಿತು.

ಅರ್ಜಿ ತಿರಸ್ಕಾರವಾಯಿತು. ಕಸುಬು ಚಾಲ್ತಿಯಲ್ಲಿಲ್ಲ ಎಂದು ಕಾರಣ ಬರೆದಿದ್ದರಂತೆ. ಅವನಾದರೋ ಆಗಲೂ ಓಣಿಯಲ್ಲೇ ಹತ್ತಿ ಪಿಂಜಿ ಗಾದಿ ಹೊಲಿಯುತ್ತಿದ್ದನಂತೆ.

ಸುಗ್ಗಿ ಮುಗಿಯುವ ಹೊತ್ತಿಗೆ ಪಿಂಜುವ ಯಂತ್ರವೂ ಕೈಗಾಡಿಯಲ್ಲಿ ಇಲ್ಲಿಗೇ ಬಂತು. ಕಾಸಪ್ಪ ಅದನ್ನು ತೂಕಕ್ಕೆ ಹಾಕಿ ನನ್ನ ಮಗ್ಗುಲಿಗೆ ಒರಗಿಸಿದ. ದಾವಲಸಾಬ ಈಗ ಫೋಮ್ ಹಾಸಿಗೆಯ ಅಂಗಡಿಯೊಂದರಲ್ಲಿ ಕಾವಲು ಕೂರುತ್ತಾನಂತೆ. ಕಚೇರಿ ಬರೆದದ್ದು ಬರೆದ ದಿನ ಸುಳ್ಳಾಗಿತ್ತು, ಈಗ ನಿಜವಾಗಿದೆ.