ಪೊಸಾದದ ದೀಪ ಆರಬಾರದು

ನಮ್ಮ ಬೀದಿಗೆ ಫುಟ್‌ಪಾತ್ ಇಲ್ಲ, ದೀಪವಿಲ್ಲ. ನಾಯಿಗಳಿಗೆ ಮಾತ್ರ ಬರವಿಲ್ಲ. ಟೆಕ್ಸಸ್ಸಿನ ಗಡಿನದಿಯ ಈಚೆ ಇಂಥ ಬೀದಿಗಳು ಎಷ್ಟೋ. ನಾಲ್ಕು ಮನೆ ಆಚೆಯ ಅಂಗಡಿಗೂ ನಾವು ಕಾರಿನಲ್ಲೇ ಹೋಗುವವರು.

ಅತ್ತೆ ಎರ್ಲಿಂದಾಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದರೂ ಇಳಿದಿರಲಿಲ್ಲ. ಇದೇ ಕಾಯಿಲೆಯಲ್ಲಿ ಅವರ ತಂಗಿ ಒಂದು ಪಾದ ಕಳೆದುಕೊಂಡಿದ್ದರು. "ಮಾತ್ರೆಯ ಜೊತೆ ದಿನಾ ನಡೆಯಲೇಬೇಕು" ಎಂದು ಡಾಕ್ಟರು ಹೇಳಿದ್ದರೂ ಅತ್ತೆ ಹೊಸ್ತಿಲು ದಾಟಲಿಲ್ಲ.

ಒಂದು ಸಂಜೆ ನಾನು ತೋರ್ತಿಯಾ ರೊಟ್ಟಿ ಬೇಯಿಸುತ್ತಿದ್ದಾಗ ಆರೋಗ್ಯ ಕಾರ್ಯಕರ್ತೆ ಒಬ್ದೂಲಿಯಾ ಬಂದಳು. ನನ್ನ ಮಗಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಧರ್ಮತಾಯಿ ಅವಳೇ. ಹಾಗಾಗಿ ಸಲಿಗೆ ಜಾಸ್ತಿ.

"ಏನು ಡೊನ್ಯಾ, ಕುರ್ಚಿಗೇ ಬೇರು ಬಿಟ್ರಾ?" ಎಂದಳು ಅತ್ತೆಗೆ. ಹಿರಿಯ ಹೆಂಗಸರನ್ನು ನಾವು ಗೌರವದಿಂದ ಕರೆಯುವುದು ಹಾಗೆ.

"ಆ ಮೂಲೆಮನೆ ಫೆರ್ಮಿನನ ನಾಯಿ ಅಟ್ಟಿಸ್ಕೊಂಡು ಬಂದಾಗ ಬೆಚ್ಚಿಬಿದ್ನಲ್ಲ, ಆಗ್ಲೇ ನಂಗೆ ಸಕ್ಕರೆ ಬಂದಿದ್ದು. ಮತ್ತೆ ಅದರ ಬಾಯಿಗೇ ಹೋಗು ಅಂತೀಯಾ? ಇದು ನಡೆಯೋ ಬೀದಿನೇನೇ?"

"ಬರೀ ಬೆಚ್ಚಿದ್ದಕ್ಕೆ ಸಕ್ಕರೆ ಬರಲ್ಲ. ನಿಮ್ಮ ಮನೆತನದಲ್ಲೇ ಇದೆ. ಕೂತಲ್ಲೇ ಕೂತರೆ ಇನ್ನೂ ಏರುತ್ತೆ. ಆದ್ರೆ ನಾಯಿ ಭಯ ಸುಳ್ಳಲ್ಲ, ಬಿಡಿ." ಅವಳು ಬಿಸಿ ತೋರ್ತಿಯಾ ಮುರಿದು ಬಾಯಿಗಿಟ್ಟುಕೊಂಡಳು. "ಕ್ರಿಸ್‌ಮಸ್ ಪೊಸಾದದಲ್ಲಿ ಮೇಣದಬತ್ತಿ ಹಿಡ್ಕೊಂಡು, ಮನೆಮನೆ ಬಾಗಿಲಲ್ಲಿ ಹಾಡ್ತಾ ಇದೇ ಬೀದಿ ಸುತ್ತಿದ್ರಲ್ಲ, ಆಗ ನಾಯಿ ಎಲ್ಲಿತ್ತು?"

"ಕಟ್ಟಿಹಾಕಿದ್ದ. ಮಾತೆ ಮರಿಯಾ ಮತ್ತು ಸಂತ ಜೋಸೆಫರ ಮೆರವಣಿಗೆ ಬರುವಾಗ ಕಟ್ಟದೆ ಇರ್ತಾನಾ?"

"ಕತ್ತಲೆ?"

"ಎಲ್ಲರೂ ಜಗಲಿ ದೀಪ ಹಾಕಿದ್ರು..." ಎನ್ನುತ್ತಲೇ ಅತ್ತೆ ಬೀದಿಯತ್ತ ನೋಡಿದರು.

ನನಗೆ ತಡೆಯಲಾಗಲಿಲ್ಲ. ಕಾವಲಿ ಇಳಿಸಿ, ಹಿಟ್ಟಿನ ಕೈಯಲ್ಲೇ ಬಾಗಿಲು ಬಾಗಿಲು ತಟ್ಟಿದೆ. "ದೀಪ ಹಾಕಿ, ನಾಯಿ ಕಟ್ಟಿ, ಅತ್ತೆ ಬರ್ತಿದ್ದಾರೆ."

"ಡೊನ್ಯಾನೇ ಬರೋದಾದ್ರೆ ಮುರಿದ ಗೇಟೂ ಸರಿಮಾಡ್ತೀನಿ" ಎಂದು ಫೆರ್ಮಿನ್ ನಕ್ಕ.

ದೀಪಗಳು ಒಂದೊಂದಾಗಿ ಹತ್ತಿದವು. ಹೆಂಗಸರು ಅಡುಗೆಯ ಏಪ್ರನ್‌ನಲ್ಲೇ ಹೊರಬಂದು, ಹೊಸ್ತಿಲು ದಾಟಿದ ಅತ್ತೆಯ ಜೊತೆಗೂಡಿದರು. ಫೆರ್ಮಿನನ ಬೇಲಿಯ ಹತ್ತಿರ ಅತ್ತೆ ನನ್ನ ತೋಳು ಬಿಗಿಯಾಗಿ ಹಿಡಿದರು. ಕಟ್ಟಿದ್ದ ನಾಯಿ ಬೊಗಳಿತು.

"ಬೊಗಳು, ಬೊಗಳು" ಎಂದರು ಅತ್ತೆ. "ಕೂತೇ ಇರು, ನಿಂಗೂ ಸಕ್ಕರೆ ಬರುತ್ತೆ."

ಅಂದಿನಿಂದ ಸಂಜೆಯ ಹರಟೆಯೆಲ್ಲ ನಡೆಯುತ್ತಲೇ. ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇಳಿದಿತ್ತು. ಮಾತ್ರೆ ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ ಎಂದರು ಡಾಕ್ಟರು. ಈಗ ಬೀದಿದೀಪ, ಫುಟ್‌ಪಾತ್ ಕೇಳಲು ನಾವೆಲ್ಲ ಸರ್ಕಾರಿ ಕಚೇರಿಗೆ ಹೊರಟಿದ್ದೇವೆ. ಎಲ್ಲರಿಗಿಂತ ಮುಂದೆ ಅತ್ತೆ, ತಮ್ಮ ಎರಡೂ ಪಾದಗಳ ಮೇಲೆ.

ಅಮ್ಮಂದಿರೇ, ನಿಮ್ಮ ಬೀದಿ ನಡೆಯುವಂಥದ್ದಲ್ಲವೆಂದು ಕೂತುಬಿಡಬೇಡಿ. ಇವತ್ತು ಸಂಜೆ ಜಗಲಿ ದೀಪ ಹಾಕಿ, ನಾಯಿ ಕಟ್ಟಿ, ಪಕ್ಕದ ಮನೆಯ ಬಾಗಿಲು ತಟ್ಟಿ. ಒಳಗೆ ಯಾರೋ ಜೊತೆಗಾಗಿ ಕಾದು ಕೂತಿರಬಹುದು.