ಗಾಣಕ್ಕೆ ಬಂದ ಜೇನು

ಬಸವಲಿಂಗಪ್ಪನವರ ಬೆಲ್ಲದ ಗಾಣಕ್ಕೆ ಬಂದವರು ಬೆಲ್ಲ ತಿನ್ನದೆ ಹೋದದ್ದಿಲ್ಲ. ಹಾದಿಹೋಕರಿರಲಿ, ಲಾರಿ ಡ್ರೈವರಿರಲಿ, ವೋಟು ಕೇಳಲು ಬಂದವರಿರಲಿ, ಎಲ್ಲರ ಅಂಗೈಗೂ ಬಿಸಿ ಬೆಲ್ಲ ಬೀಳಲೇಬೇಕು. ಮೂಡಲಗಿಯ ಸುತ್ತ ಈ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ, ಮುದುಕರಾದ ಅವರಿಗೂ ಅದು ಚೆನ್ನಾಗಿಯೇ ಗೊತ್ತಿತ್ತು. ಕಬ್ಬಿನ ಹಾಲು ತುಂಬುವ ಟಾಕಿಗೆ ಮುಚ್ಚಳ ಹಾಕಿಸದಿದ್ದದ್ದೂ ಇದೇ ಕಾರಣಕ್ಕೆ. ಉಣ್ಣಲು ಬಂದ ಜೇನೂ ಬೀಗರೇ ಎಂಬುದು ಅವರ ಲೆಕ್ಕ. ದಾಸೋಹದ ಮನೆಯಲ್ಲಿ ಬಾಗಿಲು ಹಾಕುವುದುಂಟೇ?

ಗಾಣದ ಹಿಂದಿನ ಹೊಲ ದಾಟಿದರೆ ಸರಕಾರಿ ಶಾಲೆ. ಸೊಸೆ ದಾಕ್ಷಾಯಿಣಿ ಅಲ್ಲಿ ವಿಜ್ಞಾನದ ಟೀಚರು. ಶಾಲೆಯ ಜಾಲಿಬೇಲಿಯಲ್ಲಿ ಕೋಲುಜೇನು ಹುಟ್ಟು ಕಟ್ಟಿದಾಗ ಊರವರು ಹೊಗೆ ಹಾಕಲು ಬಂದಿದ್ದರು. ಅವಳು ಅಡ್ಡ ನಿಂತು ಕಳಿಸಿದಳು. ಮಕ್ಕಳಿಂದ ಬೇಲಿಯ ಗುಂಟ ತುಳಸಿ, ಸೂರ್ಯಕಾಂತಿ ಹಾಕಿಸಿದಳು. ಗಂಗಾಳದಲ್ಲಿ ನೀರಿಟ್ಟು, ಹುಳ ಮುಳುಗದಿರಲೆಂದು ಹರಳು ಹಾಕುವುದನ್ನು ಕಲಿಸಿದಳು. ಆರನೇ ಇಯತ್ತೆಯ ಮಾಲಾ ಅಂತೂ ರಜೆಯಲ್ಲೂ ಆ ನೀರು ತಪ್ಪಿಸುತ್ತಿರಲಿಲ್ಲ.

ಆದರೂ ಗಾಣದ ಹಂಗಾಮು ಶುರುವಾದೊಡನೆ ಹುಟ್ಟು ಬಡವಾಗುತ್ತಿತ್ತು. ಮಕ್ಕಳು ಯಾಕೆಂದು ಕೇಳಿದರೆ ದಾಕ್ಷಾಯಿಣಿ ಹೊಲಕ್ಕೆ ಔಷಧಿ ಹೊಡೆಯುವವರ ಮೇಲೆ ಹಾಕಿ ಜಾರಿಕೊಳ್ಳುತ್ತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಮಾವನೆದುರು ಬಾಯಿ ಬಿಡುವ ಧೈರ್ಯ ಮಾತ್ರ ಇರಲಿಲ್ಲ.

ಹೀಗಿರುವಾಗ ಮಾವನವರೇ ಶಾಲೆಯ ಮಕ್ಕಳನ್ನೆಲ್ಲ ಗಾಣಕ್ಕೆ ಕರೆದರು. ಹೆಡ್‌ಮಾಸ್ತರರು ಹೂಂ ಅಂದುಬಿಟ್ಟರು. ದಾಕ್ಷಾಯಿಣಿಗೆ ತಪ್ಪಿಸಲು ನೆಪ ಸಿಗಲಿಲ್ಲ.

ಮಕ್ಕಳು ಬಂದು ಕಬ್ಬು ಜಗಿದರು, ಕೊಪ್ಪರಿಗೆಯ ಹೊಗೆಗೆ ಕೆಮ್ಮಿ ನಕ್ಕರು. ಮಾಲಾ ಟಾಕಿಯ ಹತ್ತಿರವೇ ನಿಂತುಬಿಟ್ಟಳು. ಹಾಲಿನ ಮೇಲೆಲ್ಲ ಜೇನು ತೇಲುತ್ತಿದ್ದವು. ಆಳು ಸಿದ್ರಾಯ ಅವನ್ನು ಜಾಲರಿಯಿಂದ ಬಳಿದು ಆಚೆ ಚೆಲ್ಲುತ್ತಿದ್ದ.

ಬಸವಲಿಂಗಪ್ಪನವರು ಬೆಲ್ಲ ಹಂಚುತ್ತ ಬಂದಾಗ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಯಾಕವಾ, ಬೆಲ್ಲ ಸೇರೂದಿಲ್ಲೇನು?"

"ಸೇರತೈತ್ರಿ. ಆದ್ರ ನಮ್ಮ ಸಾಲಿ ಹುಳ ಇದರಾಗ ಸತ್ತಾವ್ರಿ. ನಾ ಒಲ್ಲೆ."

ಮುದುಕರು ನಕ್ಕರು. "ಸತ್ತಿಲ್ಲ ಹುಚ್ಚಿ, ಹೊಟ್ಟಿ ತುಂಬಿ ಮಲಗ್ಯಾವು. ಬೇಕಾದ್ರ ನಿಮ್ಮ ಟೀಚರನ್ನ ಕೇಳು."

ಎಲ್ಲ ಮಕ್ಕಳೂ ದಾಕ್ಷಾಯಿಣಿಯತ್ತ ತಿರುಗಿದರು. ಒಂದು ಹೂಂ ಅಂದಿದ್ದರೆ ಮನೆಯ ಮರ್ಯಾದೆ ಉಳಿಯುತ್ತಿತ್ತು. ಆದರೆ ನಾಳೆಯಿಂದ ತರಗತಿಯಲ್ಲಿ ಅವಳ ಮಾತಿಗೆ ಕವಡೆ ಕಾಸಿನ ಕಿಮ್ಮತ್ತೂ ಇರುತ್ತಿರಲಿಲ್ಲ.

"ಸತ್ತಾವ್ರಿ ಮಾವಾರ," ಎಂದಳು. "ದಿನಾ ಹಿಂಗ ಮುಳುಗಿ ಸಾಯ್ತಾವ್ರಿ."

ಮುದುಕರು ಸಿದ್ರಾಯ ಚೆಲ್ಲಿದ ರಾಶಿಯ ಬಳಿ ಕುಕ್ಕರುಗಾಲಿನಲ್ಲಿ ಕೂತರು. ಒಂದು ಹುಳವನ್ನು ಅಂಗೈಗೆ ಹಾಕಿಕೊಂಡು ಊದಿದರು. ಅದು ಮಿಸುಕಲಿಲ್ಲ. ಇನ್ನೊಂದನ್ನು ಊದಿದರು. ಆಮೇಲೆ ಎದ್ದು, ಮಂದಿಯೆದುರು ಎಂದೂ ತಲೆಯಿಂದ ಇಳಿಸದ ಪಟಕಾ ಬಿಚ್ಚಿ ಟಾಕಿಯ ಮೇಲೆ ಹಾಸಿದರು. ಬೆವರಿನ ಪಟಕಾ ಎಂದು ಯಾರೂ ಮೂಗು ಮುರಿಯಲಿಲ್ಲ. ಸಿದ್ರಾಯ ಅಂಚಿಗೆ ಕಲ್ಲು ಹೇರಿದ. ಬಟ್ಟೆಯ ನಡು ಹಾಲಿಗೆ ತಾಗಿ ನೆನೆಯಿತು. ಅದರ ಮೇಲೆ ಇಳಿದ ಜೇನು ಮುಳುಗದೆ ಹೀರಿ, ಎದ್ದು ಶಾಲೆಯ ಕಡೆ ಹಾರಿದವು. ಮಾಲಾ ನೋಡುತ್ತ ನಿಂತು, ಕೊನೆಗೆ ಬೆಲ್ಲಕ್ಕೆ ಕೈ ಚಾಚಿದಳು.

ಮಕ್ಕಳು ಹೋದ ಮೇಲೆ ಬಸವಲಿಂಗಪ್ಪನವರು ಸೊಸೆಯನ್ನು ಕರೆದರು. ಪಟಕಾ ಇಲ್ಲದ ಆ ತಲೆ ಅವಳಿಗೆ ಗುರುತೇ ಸಿಗದಂತಿತ್ತು.

"ಊರ ಹುಡುಗರಿಗೆಲ್ಲಾ ಕಲಿಸಿದಿ," ಎಂದರು. "ಹೇಳಿದ್ರ ನಾ ಕಲೀತಿದ್ದಿಲ್ಲೇನವಾ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ದಾಕ್ಷಾಯಿಣಿಗೆ ಎಷ್ಟೋ ಹಗುರಾಗುತ್ತಿತ್ತು.